ಆಗ ವಾಷಿಂಗ್ಟನ್‌ಗೆ ಎಷ್ಟು ವಯಸ್ಸು?

ನಾವಿರುವುದು ವರ್ಜೀನಿಯಾದಲ್ಲಿ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಬಾಳಿದ ಮೌಂಟ್ ವರ್ನನ್ ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ. ಮಗಳು ಐದನೇ ಕ್ಲಾಸಿನಲ್ಲಿದ್ದಾಗ ಅವನ ಬಗ್ಗೆ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ಬರೆಯುತ್ತಾ ಕೂತವಳು ತಲೆಯೆತ್ತಿ ಕೇಳಿದಳು: "ಅಮ್ಮ, ಇವನಿದ್ದಾಗ ನಮ್ಮ ಮೈಸೂರಲ್ಲಿ ಯಾರಿದ್ರು?"

ಹೈದರಾಲಿ, ಟಿಪ್ಪು ಅಂದೆ. ಹೇಳಿದ ಮೇಲೆ ನಾನೇ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಎರಡೂ ಕಥೆ ನನಗೆ ಗೊತ್ತಿತ್ತು. ಆದರೆ ಅವು ಒಂದೇ ಕಾಲದವು ಅಂತ ಒಮ್ಮೆಯೂ ಜೋಡಿಸಿ ನೋಡಿರಲಿಲ್ಲ.

ಆ ವಾರವೇ ಚಿತ್ರ ಬರೆಯುವ ಕಾಗದದ ಒಂದು ಸುರುಳಿ ತಂದೆವು. ಒಂದು ವರ್ಷಕ್ಕೆ ನಾಲ್ಕು ಇಂಚು. 1732ರಿಂದ 1799ರವರೆಗೆ ಸುಮಾರು 23 ಅಡಿ ಆಯಿತು. ಹಾಲ್‌ನ ಗೋಡೆಯಿಂದ ಹೊರಟು, ಮೂಲೆ ತಿರುಗಿ, ಅಡುಗೆಮನೆ ಬಾಗಿಲವರೆಗೆ ಅಂಟಿಸಿದೆವು. ಮೇಲಿನ ಸಾಲು ವಾಷಿಂಗ್ಟನ್‌ಗೆ, ನಡುವಿನದು ಅಮೆರಿಕದ ವಸಾಹತುಗಳಿಗೆ, ಕೆಳಗಿನದು ಉಳಿದ ಪ್ರಪಂಚಕ್ಕೆ.

ಮೊದಲ ತಿಂಗಳು ನಾನು ಮಾಡಿದ್ದು ತಪ್ಪು. ಸಿಕ್ಕಿದ್ದನ್ನೆಲ್ಲ ಬರೆದೆ. ರಾಜರು, ಯುದ್ಧಗಳು, ಯಂತ್ರಗಳು, ಸಂಗೀತಗಾರರು. ಕೆಳಗಿನ ಸಾಲು ತುಂಬಿಹೋಯಿತು, ಮಗಳು ಆ ಕಡೆ ನೋಡುವುದನ್ನೇ ಬಿಟ್ಟಳು. ಅರ್ಧಕ್ಕಿಂತ ಜಾಸ್ತಿ ಚೀಟಿ ಕಿತ್ತುಹಾಕಿದೆ. ಉಳಿದವುಗಳ ಮೇಲೆ ಇಸವಿಯ ಪಕ್ಕದಲ್ಲೇ ವಾಷಿಂಗ್ಟನ್‌ನ ವಯಸ್ಸನ್ನೂ ಬರೆದೆವು. ಅಲ್ಲಿಂದ ಎಲ್ಲ ಬದಲಾಯಿತು. 1743 ಅಂದರೆ ಮಗುವಿಗೆ ಏನೂ ಅನಿಸುವುದಿಲ್ಲ. ಹನ್ನೊಂದು ವರ್ಷಕ್ಕೆ ಅಪ್ಪನನ್ನು ಕಳೆದುಕೊಂಡ ಅಂದರೆ ಅನಿಸುತ್ತದೆ. ಅವಳಿಗೂ ಆಗ ಹತ್ತಿರ ಹತ್ತಿರ ಅಷ್ಟೇ ವಯಸ್ಸು.

ಹುಟ್ಟಿದ ದಿನದಲ್ಲೇ ಒಂದು ತೊಡಕು ಬಂತು. ಒಂದು ಕಡೆ 1731ರ ಫೆಬ್ರವರಿ 11, ಇನ್ನೊಂದು ಕಡೆ 1732ರ ಫೆಬ್ರವರಿ 22. ಎರಡೂ ಸರಿಯೇ. ಇಂಗ್ಲೆಂಡಿನವರ ಹಳೇ ಲೆಕ್ಕದಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. "ಯುಗಾದಿ ತರಾನಾ?" ಅಂತ ಮಗಳು ಕೇಳಿದಳು. ಹೆಚ್ಚುಕಡಿಮೆ ಹಾಗೇ. 1752ರಲ್ಲಿ ಕ್ಯಾಲೆಂಡರ್ ಬದಲಾಯಿಸಿದರು. ಆ ವರ್ಷ ಸೆಪ್ಟೆಂಬರ್ 2ರ ಮಾರನೇ ದಿನ ಸೆಪ್ಟೆಂಬರ್ 14. ನಮ್ಮ ಪಟ್ಟಿಯಲ್ಲೂ ಅಲ್ಲೊಂದು ಚೂರು ಕಾಗದ ಮಡಿಚಿಟ್ಟೆವು.

ನನಗೆ ಬಹಳ ಇಷ್ಟವಾದ ಜಾಗ 1754. ಆಗಿನ್ನೂ ಇಂಗ್ಲಿಷರ ಪರ ಇದ್ದ ಇಪ್ಪತ್ತೆರಡರ ವಾಷಿಂಗ್ಟನ್ ಓಹಾಯೋ ಕಡೆಯ ಕಾಡಿನಲ್ಲಿ ಒಂದು ಸಣ್ಣ ಪಡೆ ಕಟ್ಟಿಕೊಂಡು ಹೋಗಿ ಫ್ರೆಂಚರ ಗುಂಪೊಂದರ ಮೇಲೆ ಬಿದ್ದ. ಅವರ ನಾಯಕ ಜುಮಾನ್‌ವಿಲ್ ಸತ್ತ. ಐದು ವಾರದ ಮೇಲೆ, ಜೋರು ಮಳೆಯಲ್ಲಿ, ವಾಷಿಂಗ್ಟನ್ ತಾನೇ ಶರಣಾಗಬೇಕಾಯಿತು. ಸಹಿ ಹಾಕಿದ ಕಾಗದ ಫ್ರೆಂಚ್‌ನಲ್ಲಿತ್ತು, ಅವನಿಗೆ ಫ್ರೆಂಚ್ ಬರುತ್ತಿರಲಿಲ್ಲ. ಜುಮಾನ್‌ವಿಲ್‌ನನ್ನು ಕೊಲೆ ಮಾಡಲಾಯಿತು ಎಂದು ಅದರಲ್ಲಿ ಬರೆದಿತ್ತು.

ಆ ಕಾಡಿನ ಜಗಳ ಬೆಳೆದು ಏಳು ವರ್ಷಗಳ ಯುದ್ಧಕ್ಕೆ ಸೇರಿಕೊಂಡಿತು. ಕೆಂಪು ದಾರ ತೆಗೆದುಕೊಂಡು 1754ರಿಂದ ಕೆಳಗಿನ ಸಾಲಿಗೆ ಎಳೆದೆವು. 1759ರಲ್ಲಿ ಕೆನಡಾದ ಕ್ವಿಬೆಕ್. 1760ರಲ್ಲಿ ತಮಿಳುನಾಡಿನ ವಾಂಡಿವಾಷ್, 1761ರಲ್ಲಿ ಪಾಂಡಿಚೇರಿ. ಅಲ್ಲಿಯೂ ಇಲ್ಲಿಯೂ ಅದೇ ಇಂಗ್ಲೆಂಡ್, ಫ್ರಾನ್ಸ್‌ಗಳ ಕಾದಾಟ. ಅದೇ 1761ರಲ್ಲಿ ಮೈಸೂರಿನ ಅಧಿಕಾರ ಹೈದರಾಲಿಯ ಕೈಗೆ ಬಂತು. ಯುದ್ಧ ಗೆದ್ದ ಇಂಗ್ಲೆಂಡಿನ ತಲೆ ಮೇಲೆ ದೊಡ್ಡ ಸಾಲ. ಅದಕ್ಕೇ 1765ರಲ್ಲಿ ಅಮೆರಿಕದವರ ಮೇಲೆ ಸ್ಟಾಂಪ್ ತೆರಿಗೆ ಬಿತ್ತು. ಅದೇ ವರ್ಷ ಈಸ್ಟ್ ಇಂಡಿಯಾ ಕಂಪನಿಗೆ ಬಂಗಾಳದ ದಿವಾನಿ, ಅಂದರೆ ಕಂದಾಯ ವಸೂಲಿಯ ಹಕ್ಕು, ಸಿಕ್ಕಿತು.

ಬಾಸ್ಟನ್ ಟೀ ಪಾರ್ಟಿಯ ಚೀಟಿಯನ್ನು ಮಗಳು ಮೊದಲು ನಡುವಿನ ಸಾಲಿಗೆ ಮಾತ್ರ ಅಂಟಿಸಿದ್ದಳು. 1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಜನ 342 ಪೆಟ್ಟಿಗೆ ಚಹಾವನ್ನು ಹಡಗಿನಿಂದ ನೀರಿಗೆ ಸುರಿದರು. "ಆ ಚಹಾ ಯಾರದ್ದು?" ಅಂತ ಕೇಳಿದೆ. ಬೆಳೆದದ್ದು ಚೀನಾದಲ್ಲಿ, ತಂದದ್ದು ಅದೇ ಕಂಪನಿ. ಬಂಗಾಳದಲ್ಲಿ 1770ರ ಬರಗಾಲದಲ್ಲಿ ಜನ ಲಕ್ಷಗಟ್ಟಲೆ ಸತ್ತಿದ್ದರು. ಕಂಪನಿ ಸಾಲದಲ್ಲಿ ಮುಳುಗಿತ್ತು, ಅದರ ಗೋದಾಮುಗಳಲ್ಲಿ ಚಹಾ ಕೊಳೆಯುತ್ತಿತ್ತು. ಆ ಚಹಾ ಖರ್ಚಾಗಲಿ ಎಂದು ಮಾಡಿದ ಕಾನೂನೇ ಬಾಸ್ಟನ್ ಜನರನ್ನು ಕೆರಳಿಸಿದ್ದು. ಚೀಟಿ ಈಗ ಎರಡೂ ಸಾಲಿನ ಮೇಲೆ ಅಡ್ಡಲಾಗಿ ಅಂಟಿದೆ.

1778ರಲ್ಲಿ ಫ್ರಾನ್ಸ್, ಇಂಗ್ಲೆಂಡಿನ ವಿರುದ್ಧ ಸ್ವಾತಂತ್ರ್ಯಕ್ಕೆ ಹೋರಾಡುತ್ತಿದ್ದ ಅಮೆರಿಕದ ಪರ ನಿಂತಿತು. ಮರುವರ್ಷ ಇಂಗ್ಲಿಷರು ಮಲಬಾರಿನಲ್ಲಿದ್ದ ಫ್ರೆಂಚರ ಮಾಹೆ ಬಂದರನ್ನು ಹಿಡಿದರು. ಹೈದರಾಲಿಗೆ ಮದ್ದುಗುಂಡು ಬರುತ್ತಿದ್ದ ದಾರಿ ಅದು. 1780ರಲ್ಲಿ ಅವನು ಘಟ್ಟ ಇಳಿದು ಆರ್ಕಾಟಿನ ಕಡೆ ನುಗ್ಗಿದ. ಆ ಸೆಪ್ಟೆಂಬರಿನಲ್ಲಿ ಪೊಲ್ಲಿಲೂರಿನಲ್ಲಿ ಇಂಗ್ಲಿಷರ ಒಂದು ಪಡೆಯೇ ನಾಶವಾಯಿತು. ಅಮೆರಿಕದವರಿಗೂ ಇವನ ಹೆಸರು ಗೊತ್ತಾಯಿತು. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯಾದ ಒಂದು ಹಡಗು 'ಜನರಲ್ ಮಾಂಕ್' ಎಂಬ ಇಂಗ್ಲಿಷ್ ಹಡಗನ್ನು ಸೆರೆಹಿಡಿಯಿತು. ಗೆದ್ದ ಹಡಗಿನ ಹೆಸರು 'ಹೈದರ್ ಅಲಿ'! ಇದನ್ನು ಓದಿದ ರಾತ್ರಿ ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. ಅವರು ಎರಡು ಸಲ ಹೇಳಿಸಿಕೊಂಡರು.

ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಚೀಟಿ ಎರಡು ಕಡೆ ಇದೆ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಅವನ ಸೇನೆ 49ರ ವಾಷಿಂಗ್ಟನ್‌ಗೆ ಶರಣಾಯಿತು. ಹನ್ನೊಂದು ವರ್ಷದ ಮೇಲೆ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಅರ್ಧ ರಾಜ್ಯ ಬರೆಸಿಕೊಂಡು, ಇಬ್ಬರು ಮಕ್ಕಳನ್ನು ಒತ್ತೆಯಾಳಾಗಿ ಒಯ್ದವನೂ ಅವನೇ.

ಮೇಲಿನ ಸಾಲಿನಲ್ಲಿ ಒಂದು ವಿಷಯ ಬಿಡಬಾರದು ಅಂತ ನಾನು ಹಟ ಹಿಡಿದೆ. ಅಪ್ಪ ಸತ್ತಾಗ ಹನ್ನೊಂದರ ಹುಡುಗನ ಪಾಲಿಗೆ ಹತ್ತು ಮಂದಿ ಗುಲಾಮರು ಬಂದರು. 1799ರಲ್ಲಿ ಮೌಂಟ್ ವರ್ನನ್‌ನಲ್ಲಿ 317 ಗುಲಾಮರಿದ್ದರು. ಅವರಲ್ಲಿ ತನ್ನ ಒಡೆತನದ 123 ಜನರಿಗೆ ಬಿಡುಗಡೆ ಸಿಗಬೇಕೆಂದು ಅವನು ಉಯಿಲು ಬರೆದ. ಹೆಂಡತಿಯ ಕಡೆಯಿಂದ ಬಂದ ಗುಲಾಮರನ್ನು ಬಿಡುವ ಹಕ್ಕು ಅವನಿಗಿರಲಿಲ್ಲ. ಸ್ವಾತಂತ್ರ್ಯಕ್ಕೆ ಹೋರಾಡಿದವನು ಬದುಕಿದ್ದಾಗಲೇ ಯಾಕೆ ಬಿಡಲಿಲ್ಲ ಅಂತ ಮಗಳು ಕೇಳಿದಳು. ಅವಳ ಪ್ರಶ್ನೆಯನ್ನೇ ಚೀಟಿಯಲ್ಲಿ ಬರೆದು ಅಂಟಿಸಿದೆವು. ಅದು ಹಾಗೇ ಇದೆ.

ಕೊನೆಯ ನಾಲ್ಕು ಇಂಚಿನಲ್ಲಿ ಎರಡು ಸಾವು. ಮೇ 4ಕ್ಕೆ ಟಿಪ್ಪು, ಡಿಸೆಂಬರ್ 14ಕ್ಕೆ ವಾಷಿಂಗ್ಟನ್.

ಹೋದ ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಮಗಳನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಗೆ ಕರೆದುಕೊಂಡು ಹೋದೆ. ಗೋಡೆಯ ಮೇಲೆ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಆನೆ, ಕುದುರೆ, ಪಲ್ಲಕ್ಕಿಯಲ್ಲಿ ಕೂತ ಇಂಗ್ಲಿಷ್ ಸೇನಾಪತಿ. ಮಗಳು ತುಂಬಾ ಹೊತ್ತು ನೋಡಿದಳು. ಬೆರಳಲ್ಲಿ ಏನೋ ಎಣಿಸಿಕೊಂಡಳು. ಆಮೇಲೆ ಪಕ್ಕದಲ್ಲಿದ್ದ ಅಜ್ಜನ ಕೈ ಜಗ್ಗಿ ಹೇಳಿದಳು: "ತಾತ, ಆಗ ವಾಷಿಂಗ್ಟನ್‌ಗೆ ನಲವತ್ತೆಂಟು."