ಅತ್ತೆಯ ಕುರ್ಚಿಯ ಅಳತೆಗೆ ಕಟ್ಟಿಸಿದ ಸಂಡಾಸು

ನಮ್ಮದು ಬೆಟಗೇರಿಯಲ್ಲಿ ಮಣ್ಣಿನ ಗೋಡೆಯ ಹಳೇ ಮನೆ. ಸಂಡಾಸು ಹಿತ್ತಲ ತುದಿಗೆ. ನಾನು ಸೊಸೆಯಾಗಿ ಬಂದಾಗಿನಿಂದ ಅದು ಅಲ್ಲೇ ಇತ್ತು. ತೊಂದರೆ ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಎರಡು ವರ್ಷದ ಹಿಂದೆ ಅತ್ತೆಗೆ ಉರಿಮೂತ್ರ ಶುರುವಾಯಿತು. ನೀರು ಜಾಸ್ತಿ ಕುಡಿಯಿರಿ ಅಂದರು ಡಾಕ್ಟರು. ರಾತ್ರಿ ತಂಬಿಗೆ ತುಂಬಿ ಹಾಸಿಗೆ ಪಕ್ಕ ಇಡುತ್ತಿದ್ದೆ. ಬೆಳಿಗ್ಗೆ ನೋಡಿದರೆ ಇಟ್ಟ ನೀರು ಇಟ್ಟ ಹಾಗೇ. ಒಂದು ದಿನ ಪಟ್ಟು ಹಿಡಿದು ಕೇಳಿದೆ. "ಸಂಜಿ ಆದ ಮ್ಯಾಲೆ ನೀರ ಕುಡದ್ರ ರಾತ್ರಿ ಏಳಬೇಕಾಗತೈತಿ ನೋಡವಾ. ಹಿತ್ತಲ ತನಕಾ ಹೋಗಿ ಕುಂತ ಏಳಾಕ ನನ್ನ ಮೊಳಕಾಲ ಎಲ್ಲಿ ಅದಾವು?" ಅಂದರು. ನಾಲ್ಕು ಗಂಟೆಯ ಚಹಾ ಆದ ಮೇಲೆ ಅವರು ಒಂದು ಗುಟುಕು ನೀರೂ ಮುಟ್ಟುತ್ತಿರಲಿಲ್ಲ. ಅದೇ ವರ್ಷ ನಾವು ಪಡಸಾಲೆಗೆ ಹೊಸ ಟೈಲ್ಸ್ ಹಾಕಿಸಿ, ಶೋಕೇಸು ಮಾಡಿಸಿದ್ದೆವು. ಬಂದವರು ನೋಡುವ ಜಾಗಕ್ಕೆ ದುಡ್ಡು ಇತ್ತು, ಮನೆಯ ಹಿರಿಯರು ದಿನಾ ಕೂರುವ ಜಾಗದ ನೆನಪೇ ಆಗಿರಲಿಲ್ಲ. ನನಗೆ ಬಹಳ ಕೆಟ್ಟನಿಸಿತು.

ಮನೆಯೊಳಗೇ ಒಂದು ಕಟ್ಟಿಸೋಣ ಅಂದಾಗ ಮೊದಲು ಬೇಡ ಅಂದವರೂ ಅವರೇ. "ಅತ್ಲಾಗ ದೇವರ ಮನಿ, ಇತ್ಲಾಗ ಅಡಗಿಮನಿ, ನಡಬರಕ ಸಂಡಾಸ ಅಂದ್ರ ಹೆಂಗ?" ಅವರ ಮಾತು ನಾನು ತಳ್ಳಿಹಾಕಲಿಲ್ಲ. ಮಡಿಯ ಜೊತೆಗೆ ಅವರಿಗೆ ವಾಸನೆಯ ಭಯವೂ ಇತ್ತು. ಕಮೋಡಿನ ಕೆಳಗೆ ಪೈಪು ಬಾಗಿರುತ್ತದೆ, ಅಲ್ಲಿ ಯಾವಾಗಲೂ ಎರಡು ಇಂಚು ನೀರು ನಿಂತಿರುತ್ತದೆ, ಗುಂಡಿಯ ವಾಸನೆ ಆ ನೀರು ದಾಟಿ ಮೇಲೆ ಬರುವುದಿಲ್ಲ ಅಂತ ಬಿಡಿಸಿ ಹೇಳಿದೆ. ಗಾಳಿ ಪೈಪನ್ನು ಮಾಳಿಗೆಗಿಂತ ಮೇಲಕ್ಕೆ ಒಯ್ಯುತ್ತೇವೆ ಅಂದೆ. ಎಂಟು ದಿನ ಸುಮ್ನೆ ಇದ್ದರು. ಆಮೇಲೆ "ಮಾಡಸವಾ" ಅಂದರು.

ಪಡಸಾಲೆಯ ಮೂಲೆಯಲ್ಲಿ ನಾಲ್ಕು ಅಡಿಗೆ ಆರು ಅಡಿ ಜಾಗ ಹಿಡಿದೆವು. ಕಮೋಡು ತರುವ ಮೊದಲು ಒಂದು ಕೆಲಸ ಮಾಡಿದೆ. ಮಂಚ, ಕಟ್ಟೆ, ಸ್ಟೂಲು, ಎಲ್ಲದರ ಮೇಲೂ ಅತ್ತೆಯನ್ನು ಕೂರಿಸಿ ಎಬ್ಬಿಸಿ ನೋಡಿದೆ. ಮಾವನವರ ಹಳೇ ಕಟ್ಟಿಗೆ ಕುರ್ಚಿಯಿಂದ ಮಾತ್ರ ಕೈ ಊರದೇ ಎದ್ದರು. ಟೇಪು ಹಿಡಿದರೆ 18 ಇಂಚು. ಅಂಗಡಿಯಲ್ಲಿ ನಾವು ಆರಿಸಿದ ಕಮೋಡು 16 ಇಂಚು. ಗೌಂಡಿಗೆ ಹೇಳಿ ಅದರ ಕೆಳಗೆ ಎರಡು ಇಂಚಿನ ಕಾಂಕ್ರೀಟ್ ಕಟ್ಟೆ ಹಾಕಿಸಿದೆ. ಇನ್ನೂ ಎತ್ತರ ಮಾಡಿದ್ದರೆ ಅಂಗಾಲು ಪೂರ್ತಿ ನೆಲಕ್ಕೆ ತಾಗುತ್ತಿರಲಿಲ್ಲ, ತೊಡೆ ಜೋಮು ಹಿಡಿಯುತ್ತಿತ್ತು. ಎರಡು ಇಂಚು ಅಂದರೆ ಏನು ಮಹಾ ಅನ್ನಿಸುತ್ತದೆ ಅಲ್ವಾ? ಮೊಣಕಾಲು ನೋವಿದ್ದವರನ್ನು ಕೇಳಿ ನೋಡಿ.

ಹಿಡಿಕೆಯ ವಿಷಯದಲ್ಲಿ ನಾನು ತಪ್ಪು ಮಾಡಿದೆ. ಟವೆಲ್ ಹಾಕುವ ಸ್ಟೀಲ್ ರಾಡನ್ನೇ ಗೋಡೆಗೆ ಹಾಕಿಸಿದೆ. ಮೂರನೇ ದಿನ ಅತ್ತೆ ಅದನ್ನು ಹಿಡಿದು ಎದ್ದಾಗ ಒಂದು ಕಡೆ ಸ್ಕ್ರೂ ಮಣ್ಣು ಸಮೇತ ಕಿತ್ತು ಬಂತು. ನಾನು ಬಾಗಿಲಲ್ಲೇ ನಿಂತಿದ್ದೆ, ಹಿಡಿದುಕೊಂಡೆ. ಆ ಹೊತ್ತು ನೆನೆದರೆ ಈಗಲೂ ಎದೆ ಝಲ್ ಎನ್ನುತ್ತದೆ. ಮಣ್ಣಿನ ಗೋಡೆಗೆ ಮೈಭಾರ ತಡೆಯುವ ಶಕ್ತಿ ಇರುವುದಿಲ್ಲ. ಆಮೇಲೆ ಗೋಡೆಯ ಸಹವಾಸವೇ ಬೇಡ ಅಂತ ದಪ್ಪ ಜಿಐ ಪೈಪನ್ನು ಬಾಗಿಸಿ ವೆಲ್ಡಿಂಗ್ ಮಾಡಿಸಿ, ಎರಡೂ ಕಾಲುಗಳನ್ನು ನೆಲದ ಕಾಂಕ್ರೀಟಿನಲ್ಲಿ ಹೂಳಿಸಿದೆವು. ಈಗ ನಾನೇ ಜೋತುಬಿದ್ದರೂ ಅಲುಗುವುದಿಲ್ಲ.

ಬಾಗಿಲು ಹೊರಗೆ ತೆರೆಯುವ ಹಾಗೆ ಮಾಡಿಸಿದೆ. ಒಳಗೆ ಯಾರಾದರೂ ಬಿದ್ದರೆ ಮೈ ಬಾಗಿಲಿಗೆ ಅಡ್ಡವಾಗುತ್ತದೆ, ಒಳಗೆ ತೆರೆಯುವ ಬಾಗಿಲು ಆಗ ತೆಗೆಯಲು ಬರುವುದಿಲ್ಲ. ನೆಲಕ್ಕೆ ಒರಟು ಟೈಲ್ಸ್. ದೀಪದ ಸ್ವಿಚ್ಚು ಹೊರಗೆ.

ನಮ್ಮಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ. ಹಾಗಾಗಿ ಎರಡು ಬಟನ್ನಿನ ಫ್ಲಶ್ ಆರಿಸಿದೆ, ಚಿಕ್ಕದಕ್ಕೆ 3 ಲೀಟರ್, ದೊಡ್ಡದಕ್ಕೆ 6. ಜೆಟ್ ಸ್ಪ್ರೇ ಬೇಕೇ ಬೇಕಿತ್ತು. ಅತ್ತೆಯ ಭುಜ ಹಿಂದಕ್ಕೆ ತಿರುಗುವುದಿಲ್ಲ, ಚೊಂಬು ಹಿಡಿದು ತೊಳೆದುಕೊಳ್ಳುವುದು ಅವರಿಗೆ ಎಷ್ಟು ಕಷ್ಟವಾಗಿತ್ತು ಎಂದು ಅದು ಬಂದ ಮೇಲೆಯೇ ಹೇಳಿದರು. ಹಿತ್ತಲಿನದನ್ನು ಒಡೆಸಲಿಲ್ಲ. ಮೊಣಕಾಲು ಗಟ್ಟಿ ಇದ್ದವರಿಗೆ ಕುಕ್ಕರಗಾಲಲ್ಲಿ ಕೂರುವುದೇ ಸಲೀಸು, ನನ್ನ ಗಂಡ ಈಗಲೂ ಅಲ್ಲಿಗೇ ಹೋಗುತ್ತಾರೆ.

ಒಂದು ಕೆಲಸ ಬಾಕಿ ಇದೆ. ಒಳಗೆ ಹೋಗುವಲ್ಲಿ ನಾಲ್ಕು ಇಂಚಿನ ಹೊಸ್ತಿಲು ಉಳಿದುಬಿಟ್ಟಿದೆ. ಇಳಿಜಾರು ಮಾಡಬೇಕೆಂದರೆ ಒಂದು ಇಂಚಿಗೆ ಒಂದು ಅಡಿ ಉದ್ದ ಬೇಕು. ಪಡಸಾಲೆಯಲ್ಲಿ ಆ ನಾಲ್ಕು ಅಡಿಯಲ್ಲಿ ಈಗ ಶೋಕೇಸು ನಿಂತಿದೆ. ದೀಪಾವಳಿಗೆ ಮೊದಲು ಅದನ್ನು ತೆಗೆಸುತ್ತೇನೆ.