ಗಿಟಾರಿನ ಅಬ್ಬರದಲ್ಲಿ ವಯಲಿನ್ ಹುಡುಕುವುದು ಹೇಗೆ?

ರಾಕ್ ಬ್ಯಾಂಡೊಂದು ಸಿಂಫನಿ ಆರ್ಕೆಸ್ಟ್ರಾ ಜೊತೆ ನುಡಿಸಿದ ಕಛೇರಿಯ ವಿಡಿಯೋ ಹಾಕಿದರೆ ಹೆಚ್ಚಿನವರಿಗೆ ಆಗುವುದು ಒಂದೇ ಅನುಭವ. ಮುಂದೆ ನಾಲ್ಕು ಜನ. ಹಿಂದೆ ಸಾಲು ಸಾಲಾಗಿ ಕೂತ ವಾದಕರು, ಅವರ ಕಮಾನುಗಳೆಲ್ಲ ಒಟ್ಟಿಗೆ ಮೇಲೆ ಕೆಳಗೆ ಹೋಗುತ್ತಿರುತ್ತವೆ, ಆದರೆ ಕಿವಿಗೆ ಬೀಳುವುದು ಗಿಟಾರ್ ಮತ್ತು ಡ್ರಮ್ ಮಾತ್ರ. ಇವರನ್ನೆಲ್ಲ ಸುಮ್ನೆ ಶೋಭೆಗೆ ಕೂರಿಸಿದ್ದಾರೆ ಅಂತ ಹತ್ತು ನಿಮಿಷದಲ್ಲಿ ಬಂದ್ ಮಾಡಿಬಿಡುತ್ತಾರೆ. ಅದು ದೊಡ್ಡ ನಷ್ಟ. ಅಷ್ಟು ಜನರ ಸಂಗೀತ ಅಲ್ಲೇ ಉಂಟು, ಗಿಟಾರಿನ ಅಡಿಯಲ್ಲಿ. ಅದನ್ನು ಕಿವಿಯಿಂದ ಹುಡುಕಿ ತೆಗೆಯಬೇಕು. ಮಂಗಳೂರು, ಉಡುಪಿ ಕಡೆಯ ಮನೆಯಲ್ಲಿ ಕೂತು ಅದನ್ನು ಹೇಗೆ ಮಾಡುವುದು ಅಂತ ನೋಡೋಣ.

ಮೊದಲು ಯಾವುದನ್ನು ಹಾಕುವುದು?

ಹೊಸಬರು ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದ 1999ರ ಕಛೇರಿಯಿಂದ ಶುರು ಮಾಡಿ. ಆ ವರ್ಷ ಏಪ್ರಿಲ್ 21 ಮತ್ತು 22ರಂದು ಅಮೆರಿಕದ ಬರ್ಕ್ಲಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸಿಂಫನಿ ಜೊತೆ ಅವರು ನುಡಿಸಿದ್ದು. ಆರ್ಕೆಸ್ಟ್ರಾ ನಡೆಸಿದವರು ಮೈಕಲ್ ಕಾಮೆನ್. ಅವರು ಬರೀ ನಡೆಸಿದ್ದಲ್ಲ, ಬ್ಯಾಂಡಿನ ಹಾಡುಗಳಿಗೆ ಆರ್ಕೆಸ್ಟ್ರಾದ ಭಾಗ ಬರೆದವರೂ ಅವರೇ. 1991ರಲ್ಲಿ ಇದೇ ಬ್ಯಾಂಡಿನ 'ನಥಿಂಗ್ ಎಲ್ಸ್ ಮ್ಯಾಟರ್ಸ್' ಹಾಡಿಗೆ ವಯಲಿನ್ ಗುಂಪಿನ ಸಂಗೀತ ಕಟ್ಟಿಕೊಟ್ಟಿದ್ದರು. ಹಾಗಾಗಿ ಇಬ್ಬರಿಗೂ ಪರಸ್ಪರ ಪರಿಚಯ ಇತ್ತು, ಏನು ಮಾಡುತ್ತಿದ್ದೇವೆ ಅಂತ ಗೊತ್ತಿತ್ತು.

ಪೂರ್ತಿ ಕಛೇರಿ ಎರಡು ಗಂಟೆಗಿಂತ ಜಾಸ್ತಿ. ಮೊದಲ ದಿನವೇ ಎಲ್ಲ ನೋಡುವ ಹಟ ಬೇಡ. ಶುರುವಿನ ಎರಡು ತುಣುಕು ಸಾಕು. ಮೊದಲನೆಯದು ಎನಿಯೊ ಮೊರಿಕೋನೆಯ ಸಿನಿಮಾ ಸಂಗೀತ. ಮೆಟಾಲಿಕಾ ಕಛೇರಿಗಳಲ್ಲಿ ವೇದಿಕೆಗೆ ಬರುವ ಮುಂಚೆ ವರ್ಷಗಟ್ಟಲೆ ಟೇಪಿನಲ್ಲಿ ಹಾಕುತ್ತಿದ್ದ ಆ ಸಂಗೀತವನ್ನು ಇಲ್ಲಿ ಆರ್ಕೆಸ್ಟ್ರಾವೇ ಕಣ್ಣೆದುರು ನುಡಿಸುತ್ತದೆ. ಎರಡನೆಯದು 'ದಿ ಕಾಲ್ ಆಫ್ ಕ್ಟುಲು'. ಒಂಬತ್ತು ನಿಮಿಷ ದಾಟುವ ಈ ತುಣುಕಿನಲ್ಲಿ ಹಾಡುವವರೇ ಇಲ್ಲ, ಪೂರಾ ವಾದ್ಯ. ಸಾಹಿತ್ಯ ಏನು ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕಿವಿ ತಯಾರು ಮಾಡಲು ಇದಕ್ಕಿಂತ ಒಳ್ಳೆಯದು ಬೇರೆ ನನಗೆ ಗೊತ್ತಿಲ್ಲ. ಇದಕ್ಕೆ ಗ್ರ್ಯಾಮಿ ಪ್ರಶಸ್ತಿಯೂ ಬಂದಿದೆ.

ಟಿವಿಯ ಸದ್ದು ಸರಿ ಮಾಡಿಕೊಳ್ಳಿ

ಈಗಿನ ತೆಳ್ಳಗಿನ ಟಿವಿಗಳಲ್ಲಿ ಸ್ಪೀಕರ್ ಕೆಳಕ್ಕೋ ಗೋಡೆ ಕಡೆಗೋ ಮುಖ ಮಾಡಿರುತ್ತದೆ. ವಾರ್ತೆಗೆ, ಧಾರಾವಾಹಿಗೆ ಅದು ಸಾಕು. ವಯಲಿನ್ ಥರದ್ದೇ ಆದರೆ ದೊಡ್ಡ ವಾದ್ಯಗಳಾದ ಡಬಲ್ ಬಾಸ್, ಚೆಲ್ಲೋಗಳ ತಗ್ಗಿನ ಸ್ವರ ಅದರಲ್ಲಿ ಸರಿಯಾಗಿ ಬರುವುದೇ ಇಲ್ಲ. ಸೌಂಡ್‌ಬಾರ್ ಇದ್ದರೆ ಅದನ್ನು ಹಾಕಿ, ಇಲ್ಲವಾದರೆ ಒಂದು ಸಾಧಾರಣ ವೈರ್ ಹೆಡ್‌ಫೋನ್ ಟಿವಿಯ ಸ್ಪೀಕರಿಗಿಂತ ಎಷ್ಟೋ ಮೇಲು.

ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿ ಮೂರು ಕಡೆ ಕೈ ಹಾಕಬೇಕು. ಮಾತು ಸ್ಪಷ್ಟವಾಗಿ ಕೇಳಲಿ ಅಂತ ಕೊಟ್ಟಿರುವ 'ಕ್ಲಿಯರ್ ವಾಯ್ಸ್' ಥರದ್ದು ಏನಿದ್ದರೂ ಬಂದ್ ಮಾಡಿ, ಅದು ಮನುಷ್ಯರ ದನಿಯನ್ನು ಎತ್ತಿ ಉಳಿದದ್ದನ್ನೆಲ್ಲ ಹಿಂದಕ್ಕೆ ತಳ್ಳುತ್ತದೆ. 'ನೈಟ್ ಮೋಡ್', 'ಆಟೋ ವಾಲ್ಯೂಮ್' ಕೂಡ ಬೇಡ. ಮೆಲ್ಲಗಿನ ಸದ್ದನ್ನು ಏರಿಸಿ, ಜೋರಿನದ್ದನ್ನು ಇಳಿಸಿ, ಎರಡನ್ನೂ ಒಂದೇ ಮಟ್ಟಕ್ಕೆ ತರುವುದು ಅವುಗಳ ಕೆಲಸ. ಆರ್ಕೆಸ್ಟ್ರಾದ ಜೀವ ಇರುವುದೇ ಆ ಮೆಲ್ಲಗೆ ಮತ್ತು ಜೋರಿನ ನಡುವಿನ ಅಂತರದಲ್ಲಿ. ಅದನ್ನು ಟಿವಿಯೇ ತೆಗೆದುಬಿಟ್ಟರೆ ಮತ್ತೆ ಕೇಳುವುದು ಏನನ್ನು? ಮೂರನೆಯದು ಚಿತ್ರದ್ದು. ಚಲನೆಯನ್ನು ನಯ ಮಾಡುವ ಸೆಟ್ಟಿಂಗ್ ತೆಗೆದುಹಾಕಿ. ಅದಿದ್ದರೆ ವೇಗವಾಗಿ ಓಡುವ ಕಮಾನು ಕಲಸಿದ ಹಾಗೆ ಕಾಣುವುದುಂಟು.

ಬ್ಲೂಟೂತ್ ಬಗ್ಗೆ ಒಂದು ಮಾತು. ಸದ್ದು ಗಾಳಿಯಲ್ಲಿ ಬರುವಾಗ ಸೆಕೆಂಡಿನ ಹತ್ತನೇ ಒಂದು ಭಾಗ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ತಡವಾಗಬಹುದು. ಫೋನ್ ಆದರೆ ಆ್ಯಪ್‌ಗಳೇ ಚಿತ್ರವನ್ನು ಅಷ್ಟು ತಡ ಮಾಡಿ ಹೊಂದಿಸುವುದುಂಟು, ಟಿವಿಯಲ್ಲಿ ಯಾವಾಗಲೂ ಹಾಗೆ ಆಗುವುದಿಲ್ಲ. ಪರೀಕ್ಷೆ ಸುಲಭ: ಡ್ರಮ್ಮರ್ ಹತ್ತಿರದಿಂದ ಕಾಣುವ ದೃಶ್ಯ ಬಂದಾಗ ಕೋಲು ಚರ್ಮಕ್ಕೆ ತಾಗಿದ ಕ್ಷಣ ಸದ್ದು ಬಂತಾ ನೋಡಿ. ತಡವಾದರೆ ಟಿವಿಯಲ್ಲಿ 'ಆಡಿಯೋ ಡಿಲೇ' ಹುಡುಕಿ ಹೊಂದಿಸಿ, ಅಥವಾ ವೈರ್ ಹಾಕಿ.

ವೈರ್ ಹಾಕುವವರು ಜ್ಯಾಕ್ ನೋಡಿಕೊಳ್ಳಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಅದರ ತುದಿ ಮಂಕಾಗಿ, ಸಂದಿನಲ್ಲಿ ಹಸಿರು ಕಿಲುಬು ಕೂರುತ್ತದೆ. ತಿರುಗಿಸಿದಾಗ ಕರಕರ ಅನ್ನುವುದು, ಒಂದೇ ಕಿವಿಯಲ್ಲಿ ಕೇಳುವುದು ಇದರಿಂದಲೇ ಇರಬಹುದು. ಹತ್ತಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ಒಣಗಿದ ಮೇಲೆ ಚುಚ್ಚಿ. ಇಷ್ಟು ಯಾಕೆ ಹೇಳುತ್ತಿದ್ದೇನೆ ಅಂದರೆ, ಸಾಮಾನ್ಯವಾಗಿ ಆರ್ಕೆಸ್ಟ್ರಾದಲ್ಲಿ ವಯಲಿನ್‌ಗಳು ಎಡಗಡೆ, ಚೆಲ್ಲೋ ಮತ್ತು ಬಾಸ್ ಬಲಗಡೆ ಕೂರುತ್ತವೆ. ಒಂದು ಕಿವಿ ಹೋದರೆ ಅರ್ಧ ಆರ್ಕೆಸ್ಟ್ರಾ ಹೋದ ಹಾಗೆ.

ಕೋಣೆ, ಮಳೆ, ಕರೆಂಟು

ಟೈಲ್ಸ್ ನೆಲ, ಗಾಜಿನ ಕಿಟಕಿ, ಬೋಳು ಗೋಡೆ ಇದ್ದರೆ ಸದ್ದು ಪುಟಿದು ಪುಟಿದು ಗೋಜಲಾಗುತ್ತದೆ. ಟಿವಿ ಮುಂದೆ ದಪ್ಪ ಜಮಖಾನೆ ಹಾಸಿ, ಪರದೆ ಎಳೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಮಾಡಿನ ಅಡಿಯಲ್ಲಿ ಸ್ಪೀಕರಿನಲ್ಲಿ ಕೇಳುವ ಆಸೆ ಬಿಡಿ ಮಾರಾಯ್ರೇ, ಹೆಡ್‌ಫೋನೇ ಗತಿ. ಟಿವಿ ಇನ್ವರ್ಟರಿನಲ್ಲಿದ್ದು ವೈಫೈ ಡಬ್ಬಿ ಇಲ್ಲದಿದ್ದರೆ ಪ್ರಯೋಜನ ಇಲ್ಲ, ಎರಡಕ್ಕೂ ಲೈನ್ ಕೊಡಿ. ಆಗುವುದಾದರೆ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಹಲಸಿನ ಹಪ್ಪಳ ತಿನ್ನುವುದಿದ್ದರೆ ಮುಂಚೆಯೇ ತಿಂದು ಮುಗಿಸಿ. ಮೆಲ್ಲಗಿನ ಭಾಗ ಬಂದಾಗ ಹಪ್ಪಳದ ಸದ್ದೇ ದೊಡ್ಡದು.

ಸದ್ದು ಎಷ್ಟಿರಬೇಕು? ತುಂಬಾ ಕಡಿಮೆ ಇಟ್ಟರೆ ಆರ್ಕೆಸ್ಟ್ರಾ ಮಾಯ. ಹಾಗಂತ ಕಿವಿ ಹಾಳು ಮಾಡಿಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ, 90 ಆದರೆ ನಾಲ್ಕೇ ಗಂಟೆ. ಪಕ್ಕದಲ್ಲಿ ಕೂತವರು ಕರೆದರೆ ಕೇಳುವಷ್ಟು ಇರಲಿ.

ಒಂದೇ ತುಣುಕು, ಮೂರು ಸಲ

ಮುಖ್ಯ ಕೆಲಸ ಈಗ. 'ಕ್ಟುಲು' ಹಾಕಿ.

ಮೊದಲ ಸಲ ಏನೂ ಯೋಚಿಸದೆ ನೋಡಿ. ಬ್ಯಾಂಡನ್ನೇ ನೋಡಿ, ಖುಷಿಪಡಿ.

ಎರಡನೇ ಸಲ ಕಣ್ಣು ಮುಚ್ಚಿ. ಗಿಟಾರ್ ಯಾಕೆ ಎಲ್ಲವನ್ನೂ ನುಂಗುತ್ತದೆ ಅಂತ ಇಲ್ಲಿ ಹೇಳಬೇಕು. ಡಿಸ್ಟಾರ್ಷನ್, ಅಂದರೆ ಸದ್ದನ್ನು ಬೇಕೆಂದೇ ಒರಟು ಮಾಡುವ ತಂತ್ರ, ಹಾಕಿದ ಗಿಟಾರ್ ಒಂದು ಸ್ವರ ನುಡಿಸಿದರೂ ಅದರ ಜೊತೆ ಹತ್ತಾರು ಮೇಲಿನ ಸ್ವರಗಳು ಎದ್ದು ಬರುತ್ತವೆ, ಮತ್ತು ಆ ಸದ್ದು ಏರಿಳಿತ ಇಲ್ಲದೆ ಗೋಡೆಯ ಹಾಗೆ ನಿಂತುಬಿಡುತ್ತದೆ. ವಯಲಿನ್‌ಗಿಂತ ಸ್ವಲ್ಪ ದೊಡ್ಡದಾದ ವಯೋಲಾ, ಚೆಲ್ಲೋ, ಹಿತ್ತಾಳೆಯ ಫ್ರೆಂಚ್ ಹಾರ್ನ್ ಇರುವುದೂ ಅದೇ ಮಧ್ಯದ ಜಾಗದಲ್ಲಿ. ಹಾಗಾಗಿ ಅವುಗಳನ್ನು ಅಲ್ಲೇ ಹುಡುಕಿದರೆ ಸಿಗುವುದು ಕಷ್ಟ. ಗಿಟಾರಿಗಿಂತ ಮೇಲೆ ಹುಡುಕಿ: ಎತ್ತರದಲ್ಲಿ ಓಡುವ ವಯಲಿನ್, ಕೊಳಲು. ಜೋರಾಗಿ ಚುಚ್ಚಿ ಬರುವ ಟ್ರಂಪೆಟ್. ನಮ್ಮೂರಿನ ಕ್ಯಾಥೊಲಿಕ್ ಮದುವೆಗಳಲ್ಲಿ ಬ್ರಾಸ್ ಬ್ಯಾಂಡ್ ಕೇಳಿದವರಿಗೆ ಅದನ್ನು ಹಿಡಿಯಲು ಒಂದು ನಿಮಿಷ ಬೇಡ.

ಇನ್ನೊಂದು ಜಾಗ ಉಂಟು. ಗಿಟಾರಿನವರು ಕೆಲವು ಕಡೆ ಅಂಗೈಯ ಅಂಚನ್ನು ತಂತಿಗೆ ಒತ್ತಿ 'ಜಗ್ ಜಗ್' ಅಂತ ಗಿಡ್ಡ ಹೊಡೆತ ಹೊಡೆಯುತ್ತಾರೆ. ಎರಡು ಹೊಡೆತದ ನಡುವೆ ಒಂದು ಸಣ್ಣ ಸಂದು ಸಿಗುತ್ತದಲ್ವಾ, ಅಲ್ಲಿಂದ ಆರ್ಕೆಸ್ಟ್ರಾ ಇಣುಕುತ್ತದೆ. ಚೆನ್ನಾಗಿ ಬರೆಯುವವರು ಆ ಸಂದು ನೋಡಿಯೇ ಸ್ವರ ಇಡುತ್ತಾರೆ. ಒಮ್ಮೆ ಅದು ಕೇಳಿಸಿದರೆ ಮತ್ತೆ ಕೇಳಿಸದೆ ಇರಲು ಸಾಧ್ಯವೇ ಇಲ್ಲ.

ಇದು ಕರಾವಳಿಯವರಿಗೆ ಹೊಸ ವಿದ್ಯೆ ಏನೂ ಅಲ್ಲ. ಯಕ್ಷಗಾನದಲ್ಲಿ ಚೆಂಡೆ ಅಬ್ಬರಿಸುವಾಗಲೂ ಭಾಗವತರ ಪದ ಬೇರೆ, ಮದ್ದಲೆಯ ನುಡಿ ಬೇರೆ ಅಂತ ಬಿಡಿಸಿ ಕೇಳುವ ಕಿವಿ ನಮ್ಮಲ್ಲಿ ಎಷ್ಟು ಜನರಿಗೆ ಇಲ್ಲ ಹೇಳಿ! ಬೇಕಾಗಿರುವುದು ಅದೇ ಕಿವಿ. ವಾದ್ಯ ಮಾತ್ರ ಬೇರೆ.

ಮೂರನೇ ಸಲ ಬ್ಯಾಂಡ್ ಬಿಟ್ಟು ಕಂಡಕ್ಟರನ್ನು, ಅಂದರೆ ಆರ್ಕೆಸ್ಟ್ರಾ ನಡೆಸುವವರನ್ನು, ನೋಡಿ. ಇಲ್ಲೊಂದು ವಿಚಿತ್ರ ಸಂಬಂಧ ಇದೆ. ಬರೀ ಆರ್ಕೆಸ್ಟ್ರಾ ಆದರೆ ಅವರ ಕೈಯೇ ಕಾಲ, ಅಂದರೆ ಲಯ. ರಾಕ್ ಬ್ಯಾಂಡ್ ಇದ್ದರೆ ಕಾಲ ಹಿಡಿಯುವವರು ಡ್ರಮ್ಮರ್. ಕಂಡಕ್ಟರ್ ಆ ಡ್ರಮ್ ಕೇಳಿಕೊಂಡು, ಅದನ್ನು ಕೈಯಲ್ಲಿ ಹಿಂದಿನ ಸಾಲಿನವರಿಗೆ ದಾಟಿಸಬೇಕು. ದೂರ ಕೂತವರಿಗೆ ಸದ್ದು ತಡವಾಗಿ ತಲುಪುವುದರಿಂದ ಅವರು ಕಿವಿಗಿಂತ ಕಣ್ಣನ್ನೇ ನಂಬಬೇಕಾಗುತ್ತದೆ. ತುಣುಕು ತಿರುಗುವ ಜಾಗಕ್ಕೆ ಸ್ವಲ್ಪ ಮುಂಚೆ ಕಂಡಕ್ಟರ್ ಯಾವ ಗುಂಪಿನ ಕಡೆ ತಿರುಗಿದರು ಅಂತ ನೋಡಿ. ಆ ಕಡೆಯಿಂದಲೇ ಮುಂದಿನ ಸದ್ದು ಬರುತ್ತದೆ. ಕ್ಯಾಮೆರಾ ಹೆಚ್ಚಿನ ಹೊತ್ತು ಗಿಟಾರ್ ಹಿಂದೆಯೇ ಓಡುತ್ತದೆ ನಿಜ, ಹಾಗಾಗಿ ಸಿಕ್ಕಷ್ಟರಲ್ಲಿ ನೋಡಿಕೊಳ್ಳಬೇಕು.

ಮುಂದಿನ ಎರಡು ಕಛೇರಿ

ಇಷ್ಟು ಪಳಗಿದ ಮೇಲೆ ಅದೇ ಬ್ಯಾಂಡ್, ಅದೇ ಸಿಂಫನಿ 2019ರ ಸೆಪ್ಟೆಂಬರ್ 6 ಮತ್ತು 8ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮತ್ತೆ ನುಡಿಸಿದ್ದನ್ನು ಹಾಕಿ. ಕಾಮೆನ್ 2003ರಲ್ಲೇ ತೀರಿಕೊಂಡಿದ್ದರು. ಈ ಸಲ ನಡೆಸಿದ್ದು ಎಡ್ವಿನ್ ಔಟ್‌ವಾಟರ್, ಕೆಲವು ಭಾಗಕ್ಕೆ ಮೈಕಲ್ ಟಿಲ್ಸನ್ ಥಾಮಸ್. ವೇದಿಕೆ ಗುಂಡಗಿದೆ, ಸುತ್ತ ಜನ. ಎಡ ಬಲದ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇದರಲ್ಲಿ ಬಿಡಬಾರದ ಒಂದು ಜಾಗ ಇದೆ. ಸಿಂಫನಿಯ ಮುಖ್ಯ ಬಾಸ್ ವಾದಕ ಸ್ಕಾಟ್ ಪಿಂಗೆಲ್ ಒಬ್ಬರೇ ನಿಂತು ಎಲೆಕ್ಟ್ರಿಕ್ ಡಬಲ್ ಬಾಸ್‌ನಲ್ಲಿ ಕ್ಲಿಫ್ ಬರ್ಟನ್ ಅವರ ಹಳೆಯ ಸೋಲೋ, ಅಂದರೆ ಒಂಟಿ ವಾದನ, ನುಡಿಸುತ್ತಾರೆ. ಬರ್ಟನ್ ಮೆಟಾಲಿಕಾದ ಬಾಸ್ ವಾದಕ, 1986ರಲ್ಲಿ ಸ್ವೀಡನ್ನಿನಲ್ಲಿ ಬ್ಯಾಂಡಿನ ಬಸ್ ಅಪಘಾತದಲ್ಲಿ ತೀರಿಹೋದವರು. ಆರ್ಕೆಸ್ಟ್ರಾದ ಸಾಲಿನಿಂದ ಎದ್ದು ಬಂದ ಒಬ್ಬರು ಒರಟು ಡಿಸ್ಟಾರ್ಷನ್ ಹಾಕಿಕೊಂಡು, ಸತ್ತುಹೋದ ರಾಕ್ ವಾದಕನ ಸ್ವರಗಳನ್ನು ಒಂದೊಂದಾಗಿ ಎತ್ತಿಕೊಡುತ್ತಾರೆ. ಕೊನೆಗೆ ಡ್ರಮ್ಮರ್ ಲಾರ್ಸ್ ಉಲ್ರಿಕ್ ಬಂದು ಸೇರುತ್ತಾರೆ. ಅಲ್ಲಿಯವರೆಗೆ ಬ್ಯಾಂಡ್ ಒಂದು ಕಡೆ, ಆರ್ಕೆಸ್ಟ್ರಾ ಒಂದು ಕಡೆ ಅಂತ ನೋಡುತ್ತಿದ್ದ ನನಗೆ ಆ ಗೆರೆ ಅಳಿಸಿಹೋದದ್ದು ಇಲ್ಲಿ.

ಕೊನೆಗೆ ಹಳೆಯದು, ಇಂಗ್ಲೆಂಡಿನ ರಾಕ್ ಬ್ಯಾಂಡ್ ಡೀಪ್ ಪರ್ಪಲ್. 1969ರ ಸೆಪ್ಟೆಂಬರ್ 24, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್, ರಾಯಲ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾ, ನಡೆಸಿದ್ದು ಮಾಲ್ಕಮ್ ಆರ್ನಾಲ್ಡ್. ಬಿಬಿಸಿ ಚಿತ್ರೀಕರಿಸಿದ್ದರಿಂದ ನಮಗೆ ನೋಡಲು ಸಿಗುತ್ತದೆ. ಹಳೆಯ ಚೌಕದ ಚಿತ್ರ ಅದು, ಟಿವಿ ಪರದೆ ತುಂಬುವ ಹಾಗೆ ಎಳೆಯಬೇಡಿ. ಪಕ್ಕದಲ್ಲಿ ಕಪ್ಪು ಪಟ್ಟಿ ಇದ್ದರೆ ಇರಲಿ.

ಇದು ಇದ್ದ ಹಾಡಿಗೆ ಆರ್ಕೆಸ್ಟ್ರಾ ಸೇರಿಸಿದ್ದಲ್ಲ. ಬ್ಯಾಂಡಿನ ಕೀಬೋರ್ಡ್ ವಾದಕ ಜಾನ್ ಲಾರ್ಡ್ ಇಬ್ಬರಿಗೂ ಸೇರಿಸಿಯೇ ಮೂರು ಭಾಗದ ಕೃತಿ ಬರೆದರು. ಮೊದಲ ಭಾಗದಲ್ಲಿ ಆರ್ಕೆಸ್ಟ್ರಾ ಮತ್ತು ಬ್ಯಾಂಡ್ ಎದುರಾಳಿಗಳು, ಒಬ್ಬರ ಮಾತನ್ನು ಇನ್ನೊಬ್ಬರು ಕಿತ್ತುಕೊಳ್ಳುತ್ತಾರೆ. ಇಬ್ಬರೂ ಸರದಿಯಲ್ಲಿ ನುಡಿಸುವ ಜಾಗಗಳಲ್ಲಿ ಗಿಟಾರ್ ಯಾರನ್ನೂ ನುಂಗುವುದಿಲ್ಲ. ಎರಡನೆಯದರಲ್ಲಿ ಇಯಾನ್ ಗಿಲನ್ ಹಾಡುತ್ತಾರೆ, ಮೂರನೆಯದರಲ್ಲಿ ಇಯಾನ್ ಪೇಸ್ ಅವರ ಡ್ರಮ್ ಸೋಲೋ.

ಈ ಕೃತಿಯ ಸ್ವರಲಿಪಿ 1970ರಲ್ಲಿ ಕಳೆದುಹೋಯಿತು. ಎಷ್ಟೋ ವರ್ಷದ ಮೇಲೆ ನೆದರ್ಲೆಂಡ್ಸ್‌ನ ಮಾರ್ಕೊ ಡಿ ಗೂಯ್ ಅನ್ನುವ ಸಂಗೀತಗಾರ, 1969ರ ಧ್ವನಿಮುದ್ರಣ ಕೇಳಿ ಕೇಳಿ, ಇದೇ ವಿಡಿಯೋ ನೋಡಿ ನೋಡಿ, ಯಾರು ಎಲ್ಲಿ ಏನು ನುಡಿಸಿದರು ಅಂತ ಬರೆದುಕೊಳ್ಳುತ್ತಾ ಹೋದರು. ಲಾರ್ಡ್ ಕೂಡ ಸೇರಿಕೊಂಡು ಅದನ್ನು ಪೂರ್ತಿ ಮಾಡಿದರು. 1999ರ ಸೆಪ್ಟೆಂಬರಿನಲ್ಲಿ ಅದೇ ಸಭಾಂಗಣದಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ, ಪಾಲ್ ಮ್ಯಾನ್ ನಡೆಸಿಕೊಟ್ಟ ಕಛೇರಿಯಲ್ಲಿ ಡೀಪ್ ಪರ್ಪಲ್ ಅದನ್ನು ಮತ್ತೆ ನುಡಿಸಿತು. ಅದರ ವಿಡಿಯೋ ಕೂಡ ಇದೆ. 1969ರ ಮೊದಲ ಭಾಗ ನೋಡಿ ಆದ ಮೇಲೆ 1999ರ ಮೊದಲ ಭಾಗ ಹಾಕಿ, ಒಂದರ ಹಿಂದೆ ಒಂದು.