ಗುಂಡಿನ ಸದ್ದಿತ್ತು, ಬೆಳಕಿರಲಿಲ್ಲ

ಕಿಟಕಿಯಲ್ಲಿ ಒಂದು ಬಿಳಿ ಚುಕ್ಕೆ ಇತ್ತು. ನಾನು ಅದನ್ನು ಅಳಿಸಿದೆ. ಹಳೇ ಸಿನಿಮಾಗಳನ್ನು ಶುಚಿ ಮಾಡುವವರ ಕೆಲಸವೇ ಅದು. ದಿನಕ್ಕೆ ಸಾವಿರಾರು ಚುಕ್ಕೆ ಅಳಿಸುತ್ತೇವೆ, ಒಂದರ ಮುಖವೂ ನೆನಪಿರುವುದಿಲ್ಲ. ಈ ಒಂದು ಮಾತ್ರ ಇವತ್ತಿಗೂ ಕಣ್ಣ ಮುಂದೆ ಇದೆ.

ಸಿನಿಮಾ 1950ರ ದಶಕದ ಶುರುವಿನದು. ಕಪ್ಪು ಬಿಳುಪು, ಕ್ರೈಮ್ ಥ್ರಿಲ್ಲರ್, 95 ನಿಮಿಷ. ಹೆಸರು ಹೇಳುವಂತಿಲ್ಲ, ಒಪ್ಪಂದ ಹಾಗಿದೆ. ಡಿಸ್ಕ್ ಕೊಂಡು ಕೂಡಿಡುವ ಹುಚ್ಚಿರುವವರಿಗೆಂದೇ ಹೊಸದಾಗಿ ಬ್ಲೂ-ರೇ ತರುತ್ತಿದ್ದರು. ಗಟ್ಟಿ ಪೆಟ್ಟಿಗೆ, ಹಳೇ ಪೋಸ್ಟರಿನ ಮುಖಪುಟ, ಜೊತೆಗೊಂದು ಪುಟ್ಟ ಪುಸ್ತಕ. ಅದರೊಳಗಿನ ಚಿತ್ರವನ್ನು ಒರೆಸಿ ಕೊಡುವುದು ನಮ್ಮ ಪಾಲಿಗೆ ಬಂತು. ಒಟ್ಟು ಐದು ರೀಲ್. ನನಗೆ ಎರಡನೆಯದು ಮತ್ತು ನಾಲ್ಕನೆಯದು ಸಿಕ್ಕವು.

95 ನಿಮಿಷ ಅಂದರೆ ಸೆಕೆಂಡಿಗೆ 24ರಂತೆ 1,36,800 ಫ್ರೇಮ್. 4ಕೆ ಸ್ಕ್ಯಾನಿನಲ್ಲಿ ಒಂದೊಂದು ಫ್ರೇಮೂ 4096 × 3112 ಪಿಕ್ಸೆಲ್, ಸುಮಾರು 51 ಎಂಬಿ. ಎಲ್ಲ ಸೇರಿ ಹತ್ತಿರ ಹತ್ತಿರ 7 ಟಿಬಿ. ನಾಲ್ಕನೇ ರೀಲಿನ ನೆಗೆಟಿವ್, ಅಂದರೆ ಬೆಳಕು ನೆರಳು ತಿರುವುಮುರುವಾಗಿರುವ ಮೂಲ ಫಿಲ್ಮ್, ಕೆಟ್ಟುಹೋಗಿತ್ತು. ಡಬ್ಬಿ ತೆರೆದರೆ ವಿನೆಗರ್ ವಾಸನೆ. ಅಸಿಟೇಟ್ ಫಿಲ್ಮ್ ಹಳೆಯದಾದಾಗ ಒಳಗಿನಿಂದ ಅಸಿಟಿಕ್ ಆಮ್ಲ ಬಿಡುತ್ತದೆ, ಕುಗ್ಗುತ್ತದೆ, ಸುರುಟಿಕೊಳ್ಳುತ್ತದೆ. ಹಾಗಾಗಿ ಆ ರೀಲಿಗೆ ನೆಗೆಟಿವ್‌ನಿಂದ ಹಿಂದೆಯೇ ತೆಗೆದಿಟ್ಟಿದ್ದ ಮಾಸ್ಟರ್ ಪಾಸಿಟಿವ್, ಅಂದರೆ ಬೆಳಕು ನೆರಳು ನೇರವಾಗಿರುವ ಪ್ರತಿ, ಬಳಸಿದರು. ಉಳಿದ ನಾಲ್ಕೂ ಮೂಲ ನೆಗೆಟಿವ್‌ನಿಂದಲೇ.

ಇದನ್ನು ಹೇಳಿದ್ದಕ್ಕೆ ಕಾರಣ ಇದೆ. ನೆಗೆಟಿವ್ ಮೇಲೆ ಕೂತ ಧೂಳು ಪರದೆ ಮೇಲೆ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಪಾಸಿಟಿವ್ ಮೇಲಿನ ಧೂಳು ಕಪ್ಪು. ಎರಡನೇ ರೀಲ್ ನೆಗೆಟಿವ್‌ನಿಂದ ಬಂದದ್ದು, ಹಾಗಾಗಿ ಬಿಳಿ ಚುಕ್ಕೆ ಕಂಡರೆ ಧೂಳು ಅಂತಲೇ ನನ್ನ ಲೆಕ್ಕ.

ಬಣ್ಣದ ಸಿನಿಮಾ ಆಗಿದ್ದರೆ ಈ ಲೆಕ್ಕ ಬೇಕಿರಲಿಲ್ಲ. ಸ್ಕ್ಯಾನರ್ ಫಿಲ್ಮಿನ ಮೂಲಕ ಇನ್‌ಫ್ರಾರೆಡ್ ಬೆಳಕನ್ನೂ ಹಾಯಿಸುತ್ತದೆ. ಬಣ್ಣದ ಡೈಗಳು ಆ ಬೆಳಕನ್ನು ತಡೆಯುವುದಿಲ್ಲ, ಧೂಳು ತಡೆಯುತ್ತದೆ. ಧೂಳು ಎಲ್ಲಿದೆ ಎಂಬ ನಕ್ಷೆಯೇ ಕೈಗೆ ಬರುತ್ತದೆ. ಕಪ್ಪು ಬಿಳುಪು ಫಿಲ್ಮಿನಲ್ಲಿ ಚಿತ್ರ ಇರುವುದೇ ಬೆಳ್ಳಿಯ ಕಣಗಳಲ್ಲಿ. ಬೆಳ್ಳಿ ಇನ್‌ಫ್ರಾರೆಡ್ಡನ್ನೂ ತಡೆಯುತ್ತದೆ. ನಾಯಕನ ಕೋಟೂ ಧೂಳೂ ಯಂತ್ರಕ್ಕೆ ಒಂದೇ. ಆಗ ಸಾಫ್ಟ್‌ವೇರ್ ಮಾಡುವುದು ಒಂದೇ ಕೆಲಸ: ಹಿಂದಿನ ಫ್ರೇಮ್ ನೋಡು, ಮುಂದಿನ ಫ್ರೇಮ್ ನೋಡು. ಎರಡರಲ್ಲೂ ಇಲ್ಲದ್ದು ನಡುವಿನದರಲ್ಲಿ ಮಾತ್ರ ಇದ್ದರೆ ಅದು ಕಸ. ಅಕ್ಕಪಕ್ಕದಿಂದ ತುಂಡು ತಂದು ಮುಚ್ಚು.

ನೂರಕ್ಕೆ ತೊಂಬತ್ತೊಂಬತ್ತು ಸಲ ಇದು ಸರಿ ಎನಿಸುತ್ತದೆ, ಅದೇ ತೊಂದರೆ. ಯಂತ್ರವನ್ನು ನಂಬಿಬಿಡುತ್ತೇವೆ.

ಎರಡನೇ ರೀಲಿನಲ್ಲಿ ಒಂದು ಗಲ್ಲಿಯ ದೃಶ್ಯ. ರಾತ್ರಿ, ಮಳೆ, ಒಂದೇ ಬೀದಿದೀಪ. ನಾಯಕ ಪಿಸ್ತೂಲು ಎತ್ತುತ್ತಾನೆ, ಢಂ ಎನ್ನುತ್ತದೆ, ದೂರದಲ್ಲಿದ್ದವನು ಬೀಳುತ್ತಾನೆ. ಅದೇ ಕ್ಷಣದಲ್ಲಿ ಮೇಲಿನ ಮಹಡಿಯ ಕಿಟಕಿಯಲ್ಲಿ ಸಾಸಿವೆ ಕಾಳಿನಷ್ಟು ಬಿಳಿ, ಒಂದೇ ಫ್ರೇಮ್. ಸಾಫ್ಟ್‌ವೇರ್ ಅದನ್ನು ಗುರುತು ಹಾಕಿ ತೋರಿಸಿತು. ನಾನು ಹೂಂ ಅಂದೆ. ಮುಂದಿನ ಶಾಟ್‌ಗೆ ಹೋದೆ.

ಕೊನೇ ರೀಲಿನ ಸ್ಕ್ಯಾನ್ ತಡವಾಗಿ ಬಂತು. ಅದು ಬರುವ ಹೊತ್ತಿಗೆ ನನ್ನ ಎರಡೂ ರೀಲ್ ಮುಗಿದಿದ್ದವು. ಇಡೀ ಸಿನಿಮಾವನ್ನು ಒಮ್ಮೆಯೂ ಮೊದಲಿನಿಂದ ಕೊನೆಯವರೆಗೆ ನೋಡಿರಲಿಲ್ಲ. ತಪ್ಪು ಅಲ್ಲೇ ಆಯಿತು ನೋಡಿ. ಎಲ್ಲರೂ ಕೂತು ಒಟ್ಟಿಗೆ ನೋಡಿದ ದಿನ, ಕೊನೇ ರೀಲಿನಲ್ಲಿ ಪತ್ತೇದಾರ ಬಾಯಿ ಬಿಟ್ಟ: ಅವತ್ತು ಗಲ್ಲಿಯಲ್ಲಿ ಹಾರಿದ್ದು ಎರಡು ಗುಂಡು. ಒಂದು ಕೆಳಗಿನಿಂದ, ಇನ್ನೊಂದು ಮೇಲಿನ ಕಿಟಕಿಯಿಂದ.

ನನ್ನ ಹೊಟ್ಟೆ ತಣ್ಣಗಾಯಿತು. ಕೊಲೆಗಾರನನ್ನು ಹಿಡಿಯಲು ಇದ್ದ ಒಂದೇ ಸಾಕ್ಷಿಯನ್ನು ನಾನು ಒರೆಸಿ ಹಾಕಿದ್ದೆ.

ತಕ್ಷಣ ಯಾರಿಗೂ ಹೇಳಲಿಲ್ಲ, ನಿಜ ಹೇಳಬೇಕಲ್ವಾ. ಮೊದಲು ಹೋಗಿ ಮೂಲ ಸ್ಕ್ಯಾನ್ ತೆರೆದೆ. ಚುಕ್ಕೆ ಅಲ್ಲೇ ಇತ್ತು. ಈಗ ದೊಡ್ಡದು ಮಾಡಿ ನೋಡಿದರೆ ಅದು ಧೂಳಿನ ಹಾಗೆ ಇರಲೇ ಇಲ್ಲ. ಧೂಳಿಗೆ ಅಂಚು ಚೂಪಾಗಿರುತ್ತದೆ. ಇದರ ಅಂಚು ಮೆತ್ತಗೆ, ಸುತ್ತ ಮಸುಕು ಬೆಳಕು. ಕಿಟಕಿಯ ಚೌಕಟ್ಟಿನ ಮೇಲೂ ಒಂಚೂರು ಬೆಳಕು ಬಿದ್ದಿತ್ತು. ಗುಂಡಿನ ಕಿಡಿ ಇರುವುದೇ ಅಷ್ಟು ಹೊತ್ತು. ಕ್ಯಾಮೆರಾದ ಶಟರ್ ಸುಮಾರು ಅರ್ಧ ಹೊತ್ತು ಮುಚ್ಚಿಯೇ ಇರುತ್ತದೆ, ಕಿಡಿ ಆಗ ಹಾರಿದರೆ ಫಿಲ್ಮಿನ ಮೇಲೆ ಬೀಳುವುದೇ ಇಲ್ಲ. ಅವರಿಗೆ ಆ ಒಂದು ಫ್ರೇಮ್ ಸಿಗಲು ಎಷ್ಟು ಟೇಕ್ ಆಯಿತೋ!

ಆಮೇಲೆ ಹೇಳಿದೆ. ನಮ್ಮ ಹಿರಿಯರು ಬೈಯಲಿಲ್ಲ. ‘ಇದೊಂದೇನಾ, ಇನ್ನೂ ಇದೆಯಾ?’ ಅಂದರು ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಹುಡುಕುವುದಕ್ಕೆ ಒಂದು ದಾರಿ ಇದೆ. ಮೂಲ ಸ್ಕ್ಯಾನಿನಿಂದ ಶುಚಿ ಮಾಡಿದ್ದನ್ನು ಕಳೆಯುವುದು. ಎರಡೂ ಒಂದೇ ಇರುವ ಕಡೆ ಏನೂ ಉಳಿಯುವುದಿಲ್ಲ, ಬರೀ ಬೂದು. ನಾವು ತೆಗೆದದ್ದು ಮಾತ್ರ ಕಾಣುತ್ತದೆ. ನಾವು ಗುಡಿಸಿ ಹೊರಗೆ ಹಾಕಿದ ಕಸದ ಸಿನಿಮಾ ಅನ್ನಿ. ಅದನ್ನು ಕೂತು ನೋಡಿದೆ, ನನ್ನ ಎರಡು ರೀಲೂ, ನಿಧಾನಕ್ಕೆ.

ಧೂಳು, ಕೂದಲು, ಗೀರು, ಮತ್ತೆ ಧೂಳು. ಅದರ ನಡುವೆ ಗಲ್ಲಿಯ ಮಳೆ! ಒಂದೊಂದು ಹನಿಯೂ ಒಂದೊಂದು ಫ್ರೇಮಿನಲ್ಲಷ್ಟೇ ಇರುತ್ತದೆ ತಾನೇ, ಅರ್ಧಕ್ಕರ್ಧ ಮಳೆಯನ್ನು ಯಂತ್ರ ಕುಡಿದುಬಿಟ್ಟಿತ್ತು. ಶುಚಿಯಾದ ಚಿತ್ರದಲ್ಲಿ ನಾಯಕನ ಟೋಪಿ ಒದ್ದೆ, ಮಳೆ ಮಾತ್ರ ತುಂತುರು. ಬೆಂಕಿಕಡ್ಡಿ ಗೀರಿದಾಗ ಹಾರಿದ ಕಿಡಿಗಳು ಹೋಗಿದ್ದವು. ನಾಲ್ಕನೇ ರೀಲಿನಲ್ಲಿ ಹರಿದು ಎಸೆದ ಪತ್ರದ ಚೂರುಗಳಲ್ಲಿ ನಾಲ್ಕೈದು ಗಾಳಿಯಲ್ಲೇ ಮಾಯ.

ಎಲ್ಲವನ್ನೂ ವಾಪಸ್ ತಂದೆ. ಮಳೆಯ ಶಾಟ್‌ಗಳಲ್ಲಿ ಯಂತ್ರವನ್ನು ಪೂರ್ತಿ ನಿಲ್ಲಿಸಿ ಕೈಯಲ್ಲೇ ಮಾಡಿದೆ. ಹನಿ ಯಾವುದು, ಧೂಳು ಯಾವುದು? ಹನಿಗಳೆಲ್ಲ ಒಂದೇ ಕಡೆಗೆ ವಾಲಿರುತ್ತವೆ, ಧೂಳಿಗೆ ದಿಕ್ಕಿಲ್ಲ. ಹೀಗೆ ನೋಡಿ ನೋಡಿ ತೆಗೆಯಬೇಕು. ನಾಲ್ಕು ನಿಮಿಷದ ಗಲ್ಲಿಗೆ ಹನ್ನೊಂದು ದಿನ ಹಿಡಿಯಿತು.

ಗೀರುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಕ್ಯಾನ್ ಮಾಡುವಾಗಲೇ ಫಿಲ್ಮನ್ನು ಒಂದು ದ್ರವದಲ್ಲಿ ಮುಳುಗಿಸಿರುತ್ತಾರೆ. ಹಿಂಬದಿಯ ಗೀರಿನಲ್ಲಿ ಅದು ತುಂಬಿಕೊಂಡರೆ ಬೆಳಕು ಅಲ್ಲಿ ಬಾಗುವುದಿಲ್ಲ, ಗೀರು ಕಾಣುವುದಿಲ್ಲ. ಚಿತ್ರದ ಪದರವನ್ನೇ ಕೆರೆದ ಗೀರುಗಳಷ್ಟೇ ನಮ್ಮ ಪಾಲಿಗೆ.

ಚುಕ್ಕೆ ಉಳಿಯಿತು ಅಂದುಕೊಂಡು ಉಸಿರು ಬಿಟ್ಟೆ. ಆದರೆ ಅದಕ್ಕೆ ಇನ್ನೂ ಗಂಡಾಂತರ ಇತ್ತು.

ಗ್ರೇಡಿಂಗ್‌ನಲ್ಲಿ, ಅಂದರೆ ಬೆಳಕು ನೆರಳಿನ ಹದ ಹಿಡಿಯುವಾಗ, ಡಿಸ್ಕ್ ತರುವವರ ಕಡೆಯಿಂದ ಒಂದು ಕೋರಿಕೆ ಬಂತು. ಗಲ್ಲಿ ತುಂಬಾ ಕತ್ತಲಾಯಿತು, ಬೆಳಕು ಸ್ವಲ್ಪ ಎತ್ತಿ ಎಂದು. ನೆಗೆಟಿವ್‌ನಲ್ಲಿ ಕತ್ತಲೆಯೊಳಗೂ ಬೇಕಾದಷ್ಟು ವಿವರ ಇರುತ್ತದೆ. ಎತ್ತಿ ನೋಡಿದೆವು. ಇಟ್ಟಿಗೆ ಇಟ್ಟಿಗೆ ಕಂಡಿತು, ಚೆನ್ನಾಗಿಯೇ ಇತ್ತು. ಜೊತೆಗೆ ಕಿಟಕಿಯ ಹಿಂದೆ ನಿಂತವನ ಮೂಗು, ಮೀಸೆ ಎಲ್ಲ ಕಂಡಿತು! ಕೊನೇ ರೀಲಿನ ಗುಟ್ಟು ಎರಡನೇ ರೀಲಿನಲ್ಲೇ ರಟ್ಟು. ಹಳೇ ಡಿವಿಡಿಯಲ್ಲಿ ಆಗಿದ್ದೂ ಇದೇ. ಅದನ್ನು ಯಾರೋ ಎತ್ತಿ ಎತ್ತಿ ಬೂದಿ ಮಾಡಿಟ್ಟಿದ್ದರು.

ಆಗ ನಮ್ಮನ್ನು ಉಳಿಸಿದ್ದು ಚಿತ್ರಮಂದಿರದಲ್ಲಿ ಓಡಿದ್ದ ಒಂದು ಹಳೇ ಪ್ರಿಂಟ್. ಮೈತುಂಬ ಗೀರು, ಮೂಲೆಯಲ್ಲಿ ರೀಲ್ ಬದಲಿಸುವ ಸೂಚನೆಯ ದುಂಡು ಗುರುತುಗಳು. ಆದರೆ ಅದನ್ನು ತೆಗೆದ ಲ್ಯಾಬ್‌ನವರು ಎಷ್ಟು ಕತ್ತಲು ಇಟ್ಟಿದ್ದರು ಎಂಬುದಕ್ಕೆ ಅದೇ ದಾಖಲೆ. ಪರದೆಗೆ ಹಾಕಿ ತೋರಿಸಿದೆವು. ಕಿಟಕಿ ಅದರಲ್ಲಿ ಕಪ್ಪು ಚೌಕ, ಅಷ್ಟೇ. ಒಂದು ಕ್ಷಣ ಚುಕ್ಕೆ, ಮತ್ತೆ ಕಪ್ಪು. ಕೋರಿಕೆ ವಾಪಸ್ ಹೋಯಿತು.

ಶಬ್ದವೂ ಆ ಪ್ರಿಂಟಿನಿಂದಲೇ ಬಂದದ್ದು, ಮೂಲ ಸೌಂಡ್ ನೆಗೆಟಿವ್ ಉಳಿದಿರಲಿಲ್ಲ. ಪ್ರಿಂಟಿನಲ್ಲಿ ಶಬ್ದ, ಅಂಚಿನ ಸಣ್ಣ ಪಟ್ಟಿಯಾಗಿ, ಅದರ ಚಿತ್ರಕ್ಕಿಂತ ಸುಮಾರು 20 ಫ್ರೇಮ್ ಮುಂದೆ ಕೂತಿರುತ್ತದೆ. ಫಿಲ್ಮ್ ಹರಿದಾಗ ಆಪರೇಟರ್ ಕತ್ತರಿಸಿ ಅಂಟಿಸಿದ್ದರೆ, ಮೊದಲು ಚಿತ್ರ ಜಿಗಿಯುತ್ತದೆ, ಮುಕ್ಕಾಲು ಸೆಕೆಂಡ್ ಕಳೆದು ಮಾತು ಜಿಗಿಯುತ್ತದೆ. ಚಿತ್ರ ನೆಗೆಟಿವ್‌ನಿಂದ ಬಂದಿದ್ದರಿಂದ ಪೂರ್ತಿ ಇತ್ತು, ಮಾತು ಮಾತ್ರ ಅಲ್ಲಲ್ಲಿ ತೂತು. ಒಂದು ಕಡೆ ಅರ್ಧ ಪದವನ್ನು ಟಿವಿಗಾಗಿ ಮಾಡಿದ್ದ ಟೇಪಿನಿಂದ ಕಡ ತಂದರು. ಆ ಟೇಪ್ ಸೆಕೆಂಡಿಗೆ 25 ಫ್ರೇಮಿನದು, ಹಾಗಾಗಿ ಎಲ್ಲರ ದನಿಯೂ ನೂರಕ್ಕೆ ನಾಲ್ಕರಷ್ಟು ಚುರುಕು, ಸ್ವಲ್ಪ ಕೀರಲು. ಅದನ್ನು ನಿಧಾನ ಮಾಡಿ ಸೇರಿಸಿದರು. ಹೇಳದಿದ್ದರೆ ಗೊತ್ತಾಗಲ್ಲ.

ಅಲ್ಲೂ ಗುಂಡಿಗೇ ಬಂತು ಕಷ್ಟ. ಚಟಪಟ ಸದ್ದು ತೆಗೆಯುವ ಸಾಫ್ಟ್‌ವೇರ್, ಗುಂಡಿನ ಸದ್ದಿನ ಮೊದಲ ಏಟನ್ನು ಚಟಪಟ ಎಂದೇ ತಿಳಿದು ಸವರಿಬಿಟ್ಟಿತು. ಢಂ ಹೋಗಿ ಧಪ್ ಆಯಿತು. ಸೌಂಡ್ ಮಾಡುವವರು ನನ್ನ ಚುಕ್ಕೆಯ ಕಥೆ ಕೇಳಿ ನಕ್ಕಿದ್ದರು. ಧಪ್ ಕೇಳಿದ ಮೇಲೆ ನಗಲಿಲ್ಲ.

ಕೊನೆಯ ಗಂಡಾಂತರ ಡಿಸ್ಕಿಗೆ ಇಳಿಸುವಾಗ. ಬ್ಲೂ-ರೇಯಲ್ಲಿ ಎರಡು ಪದರದ ಡಿಸ್ಕಿಗೆ 50 ಜಿಬಿ ಜಾಗ, ಚಿತ್ರಕ್ಕೆ ಸೆಕೆಂಡಿಗೆ ಹೆಚ್ಚೆಂದರೆ 40 ಮೆಗಾಬಿಟ್. ನಾವು 30ರ ಸರಾಸರಿ ಕೇಳಿದ್ದೆವು, 95 ನಿಮಿಷಕ್ಕೆ 21 ಜಿಬಿ ಚಿಲ್ಲರೆ. ಆದರೆ ಸಂದರ್ಶನ, ಟ್ರೇಲರ್ ಅಂತ ಎಕ್ಸ್‌ಟ್ರಾಗಳು ಬೆಳೆಯುತ್ತಲೇ ಹೋದವು. ಚಿತ್ರದ ಪಾಲು ಇಳಿಯಿತು. ಗ್ರೇನ್, ಅಂದರೆ ಬೆಳ್ಳಿ ಕಣಗಳ ಸಣ್ಣ ತರಿತರಿ, ಒರೆಸಿಬಿಟ್ಟರೆ ಜಾಗ ಉಳಿಯುತ್ತದೆ ಎಂಬ ಸಲಹೆಯೂ ಬಂತು.

ಈ ಗ್ರೇನ್ ವಿಷಯದಲ್ಲಿ ನನಗೆ ಸ್ವಲ್ಪ ಹಟ ಜಾಸ್ತಿ. ಫಿಲ್ಮಿನ ಚಿತ್ರ ಇರುವುದೇ ಗ್ರೇನ್‌ನಲ್ಲಿ, ಅದರ ಮೇಲೆ ಕೂತ ಕೊಳೆಯಲ್ಲ ಅದು. ಒರೆಸಿದರೆ ಮುಖಗಳು ಮೇಣದ ಗೊಂಬೆ ಆಗುತ್ತವೆ. ಇನ್ನೊಂದು ಸಂಗತಿ, ಕತ್ತಲ ಗೋಡೆಯ ಮೇಲೆ ದೀಪದ ಬೆಳಕು ಮೆಲ್ಲಗೆ ಕರಗುವ ಕಡೆ, ಗ್ರೇನ್ ಇಲ್ಲದಿದ್ದರೆ, ಬೆಳಕಿನ ಮಟ್ಟಗಳು ಕಡಿಮೆ ಇರುವ 8 ಬಿಟ್ ಚಿತ್ರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಕಾಣುತ್ತದೆ. ಗ್ರೇನ್ ಆ ಪಟ್ಟೆಯನ್ನು ಮುಚ್ಚುತ್ತದೆ. ಎರಡು ಗೋಡೆ, ಒಂದು ಒರೆಸಿದ್ದು, ಒಂದು ಒರೆಸದ್ದು, ಪಕ್ಕಪಕ್ಕ ಇಟ್ಟು ತೋರಿಸಿದೆ. ಎರಡು ಎಕ್ಸ್‌ಟ್ರಾ ಕೈಬಿಟ್ಟರು.

ಪರೀಕ್ಷೆಗೆ ಬಂದ ಡಿಸ್ಕ್ ಹಾಕಿದೆ. ನೇರ ಗಲ್ಲಿಗೆ ಹೋದೆ. ಫ್ರೇಮ್ ಫ್ರೇಮಾಗಿ ಒತ್ತುತ್ತಾ ಹೋದರೆ ಕಿಟಕಿಯಲ್ಲಿ ಚುಕ್ಕೆ ಇಲ್ಲ, ಒಂದು ಮಬ್ಬು ಚೌಕ ಇದೆ. ಚಿತ್ರವನ್ನು ಹಿಂಡಿ ಡಿಸ್ಕಿಗೆ ಕೂರಿಸುವ ಎನ್‌ಕೋಡರ್ ಕೂಡ ಹಿಂದಿನ, ಮುಂದಿನ ಫ್ರೇಮ್ ನೋಡಿಕೊಂಡೇ ಲೆಕ್ಕ ಹಾಕುವುದು. ಮಳೆಗೆಲ್ಲ ಬಿಟ್ ಖರ್ಚು ಮಾಡಿ, ಒಂದೇ ಫ್ರೇಮಿನ ಚುಕ್ಕೆಗೆ ಚಿಲ್ಲರೆ ಉಳಿಸಿರಲಿಲ್ಲ. ಆ ತುಂಡನ್ನಷ್ಟೇ ಬೇರೆ ತೆಗೆದು, ಆ ಫ್ರೇಮಿಗೆ ಜಾಸ್ತಿ ಬಿಟ್ ಕೊಟ್ಟು ಮತ್ತೆ ಮಾಡಿಸಿದೆವು. ಈ ಸಲ ಚುಕ್ಕೆ ಬಂತು. ಸುತ್ತಲಿನ ಮಸುಕು ಬೆಳಕೂ ಬಂತು, ಚೌಕಟ್ಟಿನ ಅಂಚೂ ಹೊಳೆಯಿತು.

ಡಿಸ್ಕ್ ಬಿಡುಗಡೆಯಾಗಿ ಎರಡು ತಿಂಗಳಿಗೆ ಕೊಂಡವರೊಬ್ಬರು ಬರೆದ ಪತ್ರವನ್ನು ನನಗೆ ಕಳಿಸಿದರು. ಪೆಟ್ಟಿಗೆ ಚೆನ್ನಾಗಿದೆ, ಮಳೆ ಅದ್ಭುತ ಎಂದಿದ್ದರು. ಒಂದೇ ಒಂದು ದೂರು. ಗಲ್ಲಿಯ ದೃಶ್ಯದಲ್ಲಿ ಮೇಲಿನ ಕಿಟಕಿಯಲ್ಲಿ ಒಂದು ಬಿಳಿ ಧೂಳಿನ ಚುಕ್ಕೆ ಉಳಿದುಬಿಟ್ಟಿದೆ, ಇಷ್ಟು ಕಷ್ಟಪಟ್ಟವರಿಗೆ ಅದು ಕಾಣಲಿಲ್ಲವೇ ಎಂದು ಕೇಳಿದ್ದರು. ನಿದ್ದೆ ಬಂತೆಂದು ಅರ್ಧಕ್ಕೇ ನಿಲ್ಲಿಸಿದ್ದಾರಂತೆ, ಕೊನೆಯ ಭಾಗ ಭಾನುವಾರ ನೋಡುತ್ತಾರಂತೆ.

ನಾನು ಉತ್ತರ ಬರೆಯಲಿಲ್ಲ. ಭಾನುವಾರದವರೆಗೆ ಕಾಯೋಣ ಅಂದುಕೊಂಡೆ.